ಖಾತೆ ಬದಲಾದ ಮಾತ್ರಕ್ಕೆ ಮನೆ ನಿಮ್ಮದಾಗದು

ಎಲ್ಲರಿಗೂ ನಮಸ್ಕಾರ.

ಮನೆಯ ಯಜಮಾನ ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆ ಮುಗಿಯುವುದರೊಳಗೇ ಮಾತು ಶುರುವಾಗುತ್ತದೆ: "ಖಾತೆ ಅಮ್ಮನ ಹೆಸರಿಗೆ ಮಾಡಿಸಿಬಿಡೋಣ." ಮಾಡಿಸಬೇಕು, ನಿಜ. ಆದರೆ ಖಾತೆ ತೆರಿಗೆಯ ದಾಖಲೆ. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಮೊದಲು ಗೊತ್ತಾಗಬೇಕಾದದ್ದು ವಾರಸುದಾರರು ಯಾರ್ಯಾರು ಎಂಬುದು.

ಗಂಡನ ಸ್ವಯಾರ್ಜಿತ ಮನೆ, ವಿಲ್ ಇಲ್ಲ ಎನ್ನಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಪ್ರತಿಯೊಬ್ಬ ಮಗ, ಪ್ರತಿಯೊಬ್ಬ ಮಗಳು, ತೀರಿಕೊಂಡವರ ತಾಯಿ, ಇವರಿಗೆಲ್ಲ ಸಮಪಾಲು. ತಂದೆಗೆ ಈ ಮೊದಲ ವರ್ಗದಲ್ಲಿ ಪಾಲಿಲ್ಲ, ತಾಯಿಗಿದೆ. ಹೆಚ್ಚಾಗಿ ಮರೆತುಹೋಗುವುದು ಅವರ ಪಾಲೇ. ಹೆಂಡತಿ ಮುಂದೆ ಮರುಮದುವೆಯಾದರೂ ಅವಳಿಗೆ ಬಂದ ಪಾಲು ಹೋಗುವುದಿಲ್ಲ. ಪಿತ್ರಾರ್ಜಿತ ಮನೆಯಾದರೆ ಲೆಕ್ಕ ಬೇರೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ಕಾನೂನು: ಮಕ್ಕಳಿದ್ದರೆ ಮುಸ್ಲಿಂ ಪತ್ನಿಗೆ ಎಂಟನೇ ಒಂದು, ಕ್ರೈಸ್ತ ಪತ್ನಿಗೆ ಮೂರನೇ ಒಂದು.

"ಮನೆ ಇಬ್ಬರ ಹೆಸರಲ್ಲೂ ಇತ್ತು, ಈಗ ಪೂರ್ತಿ ನನ್ನದೇ ಅಲ್ಲವೇ?" ಎಂದು ಬಹಳ ಜನ ಕೇಳುತ್ತಾರೆ. ಸಾಮಾನ್ಯವಾಗಿ ಅಲ್ಲ. ಕ್ರಯಪತ್ರದಲ್ಲಿ ಇಬ್ಬರಿಗೂ ಅರ್ಧರ್ಧ ಇದ್ದರೆ, ಗಂಡನ ಅರ್ಧ ಮಾತ್ರ ಹಂಚಿಹೋಗುತ್ತದೆ. ಹೆಂಡತಿ, ಅತ್ತೆ, ಇಬ್ಬರು ಮಕ್ಕಳು ಇದ್ದಲ್ಲಿ ಆ ಅರ್ಧ ನಾಲ್ಕು ಪಾಲಾಗಿ, ಹೆಂಡತಿಗೆ ಒಟ್ಟು 5/8, ಉಳಿದ ಮೂವರಿಗೆ ತಲಾ 1/8. ಅತ್ತೆ ವಿಲ್ ಬರೆಯದೆ ತೀರಿಕೊಂಡರೆ ಅವರ 1/8ರಲ್ಲಿ ಮೈದುನ, ನಾದಿನಿಯರಿಗೂ ಮೊಮ್ಮಕ್ಕಳಿಗೂ ಹಕ್ಕು ಬರುತ್ತದೆ, ಸೊಸೆಗೆ ಬರುವುದಿಲ್ಲ. ಮನೆ ಮಾರುವಾಗ ಇಷ್ಟೂ ಜನರ ಸಹಿ ಬೇಕಾಗುತ್ತದೆ. ತಮ್ಮ ಪಾಲು ಬಿಟ್ಟುಕೊಡಲು ಅತ್ತೆಗೆ ಮನಸ್ಸಿದ್ದರೆ ಅವರು ಇರುವಾಗಲೇ ಪತ್ರ ಆಗಲಿ. ಒತ್ತಾಯ ಮಾತ್ರ ಬೇಡ.

ಇನ್ನು ಕಾಗದಗಳು. ಮರಣ ಪ್ರಮಾಣಪತ್ರದ ಹೆಸರು, ಇನಿಷಿಯಲ್ ಕ್ರಯಪತ್ರದಲ್ಲಿದ್ದಂತೆಯೇ ಇವೆಯೇ ನೋಡಿ. ಹೊಂದದಿದ್ದರೆ ಮುಂದಿನ ಪ್ರತಿ ಮೇಜಿನಲ್ಲೂ ತಕರಾರು. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ. ಬಿಟ್ಟರೆ ಮುಂದೊಮ್ಮೆ ಅದೇ ದಾವೆಗೆ ದಾರಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಆಸ್ತಿಯ ಮೇಲಿನ ಕ್ರಯ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿ. ಆಮೇಲೆ ಖಾತೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಬರಲಿ.

ಮನೆ ಅಮ್ಮನೊಬ್ಬರ ಹೆಸರಿಗೇ ಆಗಬೇಕೆಂದರೆ ಉಳಿದವರು ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ್ದು ಸಾಲದು, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಸಹಿಯಾದ ದಿನದಿಂದ ಅದಕ್ಕೆ ನಾಲ್ಕು ತಿಂಗಳ ಅವಧಿಯಿದೆ. ಯಾರ ಪರವಾಗಿ ಬಿಡುತ್ತಿದ್ದೇವೆ ಎಂದು ಹೆಸರು ಹಾಕಿಸಿ. ಹೆಸರಿಲ್ಲದಿದ್ದರೆ ಬಿಟ್ಟ ಪಾಲು ಉಳಿದ ಪಾಲುದಾರರಿಗೆಲ್ಲ ಸೇರಿತು ಎಂಬ ವಾದ ಏಳುತ್ತದೆ. ವಿದೇಶದಲ್ಲಿರುವ ಮಗ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಪತ್ರ ಮಾಡಿಸಿ ಕಳಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ತೀರಿಕೊಂಡವರು ಬದುಕಿದ್ದಾಗ ಕೊಟ್ಟ ಅಧಿಕಾರಪತ್ರ ಅವರೊಂದಿಗೇ ಮುಗಿಯಿತು, ಅದನ್ನು ಬಳಸಬೇಡಿ.

ಇದರ ಜೊತೆಗೆ ಒಂದು ಕಳಕಳಿಯ ಮಾತು. ದುಃಖದ ಮೊದಲ ವಾರಗಳಲ್ಲಿ ಹೆಂಡತಿಯಿಂದಲೇ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವವರಿದ್ದಾರೆ. ತಾಯಂದಿರೇ, ಓದದೆ, ನಿಮ್ಮದೇ ವಕೀಲರಿಗೆ ತೋರಿಸದೆ ಎಲ್ಲೂ ಸಹಿ ಮಾಡಬೇಡಿ. ಪಾಲು ಬಿಡಲೇಬೇಕೆಂಬ ಕಾನೂನು ಯಾವುದೂ ಇಲ್ಲ.

ಮಕ್ಕಳು 18 ತುಂಬದವರಾದರೆ ಅವರಿಗೆ ಬಂದ ಪಾಲನ್ನು ತಾಯಿಯೂ ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ, ಮಗು ವಯಸ್ಕನಾದ ಮೂರು ವರ್ಷದೊಳಗೆ ಆ ಕ್ರಯವನ್ನು ಪ್ರಶ್ನಿಸಬಹುದು. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನವರು ಇದನ್ನು ತಪ್ಪದೆ ನೋಡುತ್ತಾರೆ.

ಗೃಹಸಾಲ ಬಾಕಿಯಿದ್ದರೆ ಸಾಲಕ್ಕೆ ವಿಮೆ ಇತ್ತೇ ಎಂದು ಬ್ಯಾಂಕಿನಲ್ಲಿ ಮೊದಲು ವಿಚಾರಿಸಿ. ಕಂತಿನ ಜೊತೆಗೇ ಪ್ರೀಮಿಯಂ ಹೋಗುತ್ತಿದ್ದದ್ದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರ ಕೈಗೆ ಬಂದ ಮೇಲೆ ಅಡಮಾನ ಬಿಡುಗಡೆಯನ್ನೂ ನೋಂದಣಿ ಮಾಡಿಸಿ, ಇ.ಸಿ.ಯಲ್ಲಿ ಅದು ಕಾಣುತ್ತಿದೆಯೇ ಎಂದು ಇನ್ನೊಮ್ಮೆ ನೋಡಿ.