ಅಮೆರಿಸಿಯಂ: ಬಾನುಲಿಯಲ್ಲಿ ಬಯಲಾದ ಧಾತು

ಕೇಳುಗರಿಗೆ ನಮಸ್ಕಾರ. ವಿಕಿರಣ ಎಂದೊಡನೆ ಬೆಚ್ಚಿಬೀಳುವವರನ್ನು ಕಂಡಾಗಲೆಲ್ಲ ನಾನು ಕೇಳುವುದು ಮೂರೇ ಪ್ರಶ್ನೆ: ಯಾವ ಕಿರಣ, ಎಷ್ಟು, ಎಲ್ಲಿ? ಇವಕ್ಕೆ ಉತ್ತರ ತಿಳಿಯದೆ ಹೆದರುವುದೂ ಸಲ್ಲದು, ಧೈರ್ಯ ತೋರುವುದೂ ಸಲ್ಲದು. ಅಮೆರಿಸಿಯಂ ಎಂಬ ಧಾತು ಈ ಮಾತಿಗೆ ಒಳ್ಳೆಯ ನಿದರ್ಶನ. ಮೇಲಾಗಿ ಅದರ ಸುದ್ದಿ ಲೋಕಕ್ಕೆ ಮೊದಲು ತಿಳಿದದ್ದೇ ಬಾನುಲಿಯಿಂದ. ಮೈಕಿನ ಮುಂದೆ ಕುಳಿತು ಆ ಕಥೆ ಹೇಳದೆ ಎದ್ದುಹೋಗಲಾರೆ.

ಎರಡನೆಯ ಮಹಾಯುದ್ಧದ ಗೋಪ್ಯತೆಯ ನಡುವೆ, 1944ರ ಕೊನೆಯ ಹೊತ್ತಿಗೆ, ಷಿಕಾಗೋ ನಗರದಲ್ಲಿ ರಸಾಯನವಿಜ್ಞಾನಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಪ್ಲುಟೋನಿಯಂ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿ 95ನೆಯ ಧಾತುವನ್ನು, ಅಂದರೆ ಇದೇ ಅಮೆರಿಸಿಯಂ ಅನ್ನು, ಪಡೆದರು. ಅದನ್ನೂ 96ನೆಯದನ್ನೂ ಬೇರ್ಪಡಿಸುವುದರೊಳಗೆ ಸಾಕುಸಾಕಾಗಿ, ತಂಡದವರು ಅವುಗಳಿಗೆ ಪ್ಯಾಂಡಿಮೋನಿಯಂ, ಡೆಲಿರಿಯಂ, ಅಂದರೆ ಗದ್ದಲ ಮತ್ತು ಸನ್ನಿ ಎಂದು ಅಡ್ಡಹೆಸರಿಟ್ಟಿದ್ದರು. ಯುದ್ಧ ಮುಗಿದ ಮೇಲೆ ವಿದ್ವಾಂಸರ ಸಭೆಯಲ್ಲಿ ಇದನ್ನು ಘೋಷಿಸಬೇಕೆಂದು ದಿನ ಗೊತ್ತಾಗಿತ್ತು. ಅದಕ್ಕೆ ಕೆಲವೇ ದಿನ ಮೊದಲು, 1945ರ ನವೆಂಬರ್ 11ರಂದು, ಸೀಬೋರ್ಗ್ ಮಕ್ಕಳ ರಸಪ್ರಶ್ನೆಯ ಬಾನುಲಿ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋದರು. ನೆಪ್ಚೂನಿಯಂ, ಪ್ಲುಟೋನಿಯಂ ಬಿಟ್ಟು ಬೇರೆ ಹೊಸ ಧಾತುಗಳೇನಾದರೂ ಸಿಕ್ಕಿವೆಯೇ ಎಂದು ಒಬ್ಬ ಹುಡುಗ ಕೇಳಿಬಿಟ್ಟ. ಸಿಕ್ಕಿವೆ, 95 ಮತ್ತು 96 ಎಂದು ಸೀಬೋರ್ಗ್ ಹೇಳಿಯೇಬಿಟ್ಟರು! ಪಂಡಿತರು ಕಾಯುತ್ತಿದ್ದ ಸುದ್ದಿ ಮಕ್ಕಳ ಪಾಲಾಯಿತು.

ಕಥೆಯೇ ಹೊತ್ತನ್ನು ನುಂಗಿತು. ಉಪಯೋಗಗಳಲ್ಲಿ ಒಂದನ್ನೇ ಹೇಳುತ್ತೇನೆ. ಛಾವಣಿಗೆ ಅಂಟಿಸುವ ಒಂದು ಬಗೆಯ ಹೊಗೆಸೂಚಕದೊಳಗೆ ಮೈಕ್ರೋಗ್ರಾಂನ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಅಮೆರಿಸಿಯಂ-241 ಇರುತ್ತದೆ. ಅದು ಸೂಸುವ ಆಲ್ಫಾ ಕಣಗಳು ಎರಡು ಲೋಹದ ಫಲಕಗಳ ನಡುವಿನ ಗಾಳಿಯನ್ನು ಅಯಾನುಗಳಾಗಿ, ಅಂದರೆ ವಿದ್ಯುದಂಶ ಹೊತ್ತ ಕಣಗಳಾಗಿ, ಒಡೆಯುವುದರಿಂದ ಅಲ್ಲಿ ಸಣ್ಣದೊಂದು ವಿದ್ಯುತ್ಪ್ರವಾಹ ಹರಿಯುತ್ತಿರುತ್ತದೆ. ಹೊಗೆ ನುಸುಳಿದೊಡನೆ ಅದರ ಕಣಗಳಿಗೆ ಅಯಾನುಗಳು ಅಂಟಿಕೊಂಡು ಪ್ರವಾಹ ಕುಗ್ಗುತ್ತದೆ, ಗಂಟೆ ಕಿರುಚುತ್ತದೆ. ಈಗ ಕೇಳಿ: ಯಾವ ಕಿರಣ? ಮುಖ್ಯವಾಗಿ, ಒಂದು ಹಾಳೆ ಕಾಗದವನ್ನೂ ದಾಟಲಾರದ ಆಲ್ಫಾ. ಎಷ್ಟು? ಕಣ್ಣಿಗೆ ಕಾಣದಷ್ಟು. ಎಲ್ಲಿ? ಮುಚ್ಚಿದ ಗೂಡಿನೊಳಗೆ. ಅದೇ ವಸ್ತು ಉಸಿರಿನೊಡನೆ ಒಳಹೊಕ್ಕರೆ ಎಲುಬಿನಲ್ಲಿ, ಯಕೃತ್ತಿನಲ್ಲಿ ಮನೆಮಾಡುತ್ತದೆ. ಆದ್ದರಿಂದ ದಯವಿಟ್ಟು ಕುತೂಹಲಕ್ಕೆಂದು ಹೊಗೆಸೂಚಕವನ್ನು ಬಿಚ್ಚಬೇಡಿ. ಹತ್ತು ವರ್ಷಕ್ಕೊಮ್ಮೆ ಸೂಚಕವನ್ನು ಬದಲಿಸಿ ಎನ್ನುವುದು ಅದರ ವಿದ್ಯುನ್ಮಂಡಲ ಸವೆಯುವುದರಿಂದ. ಒಳಗಿನ ಅಮೆರಿಸಿಯಂನ ಅರ್ಧಾಯು, ಅಂದರೆ ಅದರಲ್ಲಿ ಅರ್ಧ ಪಾಲು ಕರಗಲು ಹಿಡಿಯುವ ಕಾಲ, 432 ವರ್ಷ. ಆ ಹತ್ತು ವರ್ಷಗಳಲ್ಲಿ ಅದು ನೂರಕ್ಕೆ ಎರಡು ಪಾಲೂ ಕರಗಿರುವುದಿಲ್ಲ.