ಲೋಗೊ ಕಂಡಿತೇ? ಹಾಗಾದರೆ ಪರದೆ ಕೆಟ್ಟಿಲ್ಲ

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಈ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತು ಇಷ್ಟು ಜನ ವಿದ್ಯಾರ್ಥಿಗಳು, ರಿಪೇರಿ ಅಂಗಡಿಗಳ ಹುಡುಗರು ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮಾನ್ವಿ ಕಡೆಯ ಪದವಿ ವಿದ್ಯಾರ್ಥಿನಿಯೊಬ್ಬಳು ಹೋದ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದಳು. ಹತ್ತಿ ಮಾರಿದ ದುಡ್ಡಿನಲ್ಲಿ ತಂದೆ ಕೊಡಿಸಿದ್ದು. ಅದರಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿಸಿಕೊಂಡ ಮರುದಿನವೇ ಪರದೆ ಕಪ್ಪಾಗಿತ್ತು. ಒಂದು ಅಂಗಡಿಯಲ್ಲಿ ‘ಡಿಸ್‌ಪ್ಲೇ ಹೋಗಿದೆ, ಬದಲಿಸಬೇಕು’ ಎಂದು ಹೇಳಿ ಕಳುಹಿಸಿದ್ದರು. ನಾನು ಗುಂಡಿ ಒತ್ತಿದೆ. ತಯಾರಕರ ಲೋಗೊ ಪ್ರಕಾಶಮಾನವಾಗಿ ಮೂಡಿತು. ಎರಡು ಸಾಲು ಅಕ್ಷರಗಳು ಬಂದವು. ಆಮೇಲೆ ಕತ್ತಲೆ.

ಆ ಲೋಗೊವನ್ನು ಬರೆಯುವುದು ಮದರ್‌ಬೋರ್ಡಿನಲ್ಲಿದ್ದು ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ, ಅಂದರೆ ಫರ್ಮ್‌ವೇರ್. ಲಿನಕ್ಸ್ ಆಗ ಇನ್ನೂ ಎದ್ದೇ ಇರುವುದಿಲ್ಲ. ಲೋಗೊ ಚೆನ್ನಾಗಿ ಕಂಡು, ಲಿನಕ್ಸ್ ಏಳುವ ಹೊತ್ತಿಗೆ ಪ್ರತಿ ಸಲವೂ ಕತ್ತಲಾಗುತ್ತಿದ್ದರೆ ಪರದೆಯನ್ನು ದೂರಬೇಡಿ, ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರನ್ನು ಮೊದಲು ವಿಚಾರಿಸಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರನ್ನು ನೀವು ಬಲ್ಲಿರಿ. ನೀರು ಬರಲಿಲ್ಲವೆಂದು ಅವರು ತಮ್ಮ ಹೊಲವನ್ನು ಅಗೆಯುವುದಿಲ್ಲ. ಕಾಲುವೆಗುಂಟ ಮೇಲಕ್ಕೆ ನಡೆದು ಎಲ್ಲಿ ತಡೆಯಾಗಿದೆ ಎಂದು ನೋಡುತ್ತಾರೆ. ನಾವೂ ಹಾಗೆಯೇ ನಡೆಯಬೇಕು.

ಲೋಗೊ ಕಂಡ ಕೂಡಲೇ ಎಸ್ಕೇಪ್ ಕೀಲಿ ಒತ್ತಿದರೆ ಗ್ರಬ್ ಪಟ್ಟಿ, ಅಂದರೆ ಯಾವ ವ್ಯವಸ್ಥೆಯನ್ನು ಹೇಗೆ ಎಬ್ಬಿಸಬೇಕೆಂದು ಆರಿಸುವ ಪಟ್ಟಿ, ಬರುತ್ತದೆ. ಬಯಾಸ್ ಎಂಬ ಹಳೆಯ ಬಗೆಯ ಫರ್ಮ್‌ವೇರ್ ಇರುವ ಯಂತ್ರಗಳಲ್ಲಿ ಶಿಫ್ಟ್ ಹಿಡಿದಿರಬೇಕು. ಅಲ್ಲಿ ‘ಇ’ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ತುದಿಗೆ ಹೋಗಿ, ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಸೇರಿಸಿ, ಎಫ್10 ಒತ್ತಿ. ಗ್ರಾಫಿಕ್ಸ್ ಡ್ರೈವರ್ ಪರದೆಯ ಗಾತ್ರ, ಲಯಗಳನ್ನು ತನ್ನ ಕೈಗೆ ತೆಗೆದುಕೊಳ್ಳದಂತೆ ಇದು ತಡೆಯುತ್ತದೆ. ಫರ್ಮ್‌ವೇರ್ ಕೊಟ್ಟ ಸರಳ ಚಿತ್ರದಲ್ಲೇ ಕೆಲಸ ಸಾಗುತ್ತದೆ. ಆ ಹುಡುಗಿಯ ಯಂತ್ರ ಹೀಗೆಯೇ ಬೆಳಗಿತು. ಅವಳ ಮುಖವೂ ಬೆಳಗಿತು.

ಆದರೆ ಇಲ್ಲಿಗೇ ಕೈ ತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೋಮೋಡ್‌ಸೆಟ್ ಒಳಗೆ ಹೋಗಲು ಸಿಕ್ಕ ಹಿತ್ತಲ ಬಾಗಿಲು, ವಾಸದ ಮನೆಯಲ್ಲ. ಅದನ್ನು ಕಾಯಂ ಮಾಡಿದರೆ ವಿಡಿಯೊ ತಡವರಿಸುತ್ತದೆ, ಬೆಳಕು ಹೆಚ್ಚುಕಡಿಮೆ ಮಾಡಲು ಆಗದಿರಬಹುದು, ಚಿತ್ರ ಬರೆಯುವ ಭಾರವೆಲ್ಲ ಸಿಪಿಯು ಮೇಲೆ ಬಿದ್ದು ಯಂತ್ರ ಬಿಸಿಯಾಗುತ್ತದೆ.

ಒಳಗೆ ಹೋದ ಮೇಲೆ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಆದೇಶವನ್ನು ‘ಮೈನಸ್ ಕೆ’ ಸೇರಿಸಿ ಕೊಡಿ. ಯಾವ ಚಿಪ್ ಇದೆ, ಅದನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂಬುದು ಕಾಣುತ್ತದೆ. ಅವಳದ್ದು ಎನ್‌ವಿಡಿಯಾ ಚಿಪ್. ಅದರ ಪಾಲಿಗೆ ಬಂದಿದ್ದ ಡ್ರೈವರ್ ನೂವೋ. ನೂವೋ ಬರೆದವರ ಬಗ್ಗೆ ನನಗೆ ಅಪಾರ ಗೌರವವಿದೆ. ಕಂಪನಿ ಚಿಪ್‌ನ ವಿವರ ಕೊಡದಿದ್ದಾಗ ಅದರ ನಡವಳಿಕೆಯನ್ನು ಹೊರಗಿನಿಂದಲೇ ಗಮನಿಸಿ ಬರೆದ ಡ್ರೈವರ್ ಅದು. 2010ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿತು. 2014ರಲ್ಲಿ ಬಂದ 900 ಸರಣಿಯ ಚಿಪ್‌ಗಳಿಂದ ಎನ್‌ವಿಡಿಯಾ ತನ್ನ ಸಹಿ ಇರುವ ಫರ್ಮ್‌ವೇರನ್ನು ಕಡ್ಡಾಯ ಮಾಡಿದ್ದರಿಂದ ಅವರ ದಾರಿ ಇನ್ನೂ ಕಠಿಣವಾಯಿತು. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಹೊಸ ಚಿಪ್‌ಗಳ ಡ್ರೈವರಿನಲ್ಲಿ ಕರ್ನಲ್ ಒಳಗೆ ಓಡುವ ಭಾಗದ ಮೂಲಸಂಕೇತವನ್ನು ಮುಕ್ತಗೊಳಿಸಿತು. ಹಳೆಯ ಚಿಪ್‌ಗಳಿಗೆ ಆ ಭಾಗ್ಯವಿಲ್ಲ. ನಮ್ಮ ಊರುಗಳಿಗೆ ಬರುವುದು ಹೆಚ್ಚಾಗಿ ಹಳೆಯವೇ.

ಹಾಗಾಗಿ ಉಬುಂಟುವಿನ ಹೆಚ್ಚುವರಿ ಡ್ರೈವರ್‌ಗಳ ಪಟ್ಟಿಯಿಂದ ಕಂಪನಿಯ ಡ್ರೈವರನ್ನೇ ಹಾಕಿದೆವು. ಒಪ್ಪಿತ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದುದರಿಂದ ಹೊಸದೊಂದು ಪಾಸ್‌ವರ್ಡ್ ಇಡಲು ಅದು ಕೇಳಿತು. ಇಲ್ಲಿ ದಯವಿಟ್ಟು ಗಮನವಿಡಿ. ಮರುಚಾಲನೆಯಾದಾಗ ಒಂದು ನೀಲಿ ಪರದೆ ಬಂದು ಕೆಲವೇ ಸೆಕೆಂಡು ಕಾಯುತ್ತದೆ. ಹುಡುಗಿ ಗಾಬರಿಯಾಗಿ ‘ಕಂಟಿನ್ಯೂ ಬೂಟ್’ ಒತ್ತಿಬಿಟ್ಟಳು. ಒತ್ತಬೇಕಾದದ್ದು ‘ಎನ್‌ರೋಲ್ ಎಂಒಕೆ’, ಅಂದರೆ ಸಹಿ ಗುರುತಿಸಲು ಬೇಕಾದ ಯಂತ್ರದ ಮಾಲೀಕರ ಕೀಲಿಯನ್ನು ನೋಂದಾಯಿಸು ಎಂಬುದು; ನಂತರ ಅದೇ ಪಾಸ್‌ವರ್ಡ್ ಕೊಡಬೇಕು. ಅದು ತಪ್ಪಿದ್ದರಿಂದ ಕರ್ನಲ್ ಡ್ರೈವರಿನ ಸಹಿಯನ್ನು ಒಪ್ಪಲಿಲ್ಲ. ಯಂತ್ರ ತಾನೇ ಬರೆದಿಡುವ ದಿನಚರಿ, ಅಂದರೆ ಲಾಗ್, ತೆಗೆದಾಗ ‘ಕೀ ವಾಸ್ ರಿಜೆಕ್ಟೆಡ್’ ಎಂಬ ಸಾಲು ಸ್ಪಷ್ಟವಾಗಿ ಕುಳಿತಿತ್ತು. ಕೀಲಿಯನ್ನು ಮತ್ತೆ ನೋಂದಾಯಿಸಿದೆವು. ಪರದೆ ತನ್ನ ಪೂರ್ಣ ಗಾತ್ರದಲ್ಲಿ ಬಂತು, ನೋಮೋಡ್‌ಸೆಟ್ ಬೇಕಾಗಲಿಲ್ಲ. ಖರ್ಚು ಸೊನ್ನೆ.

ಉಳಿದವನ್ನು ಬೇಗ ಹೇಳುತ್ತೇನೆ. ಇಂಟೆಲ್ ಚಿಪ್‌ನಲ್ಲಿ ಪರದೆ ಮಿಣುಕುತ್ತಿದ್ದರೆ ಅದೇ ಗ್ರಬ್ ಸಾಲಿನಲ್ಲಿ ‘ಐ915’, ಚುಕ್ಕಿ, ‘ಎನೇಬಲ್’, ಅಡಿಗೆರೆ, ‘ಪಿಎಸ್‌ಆರ್’, ಸಮಚಿಹ್ನೆ, ಸೊನ್ನೆ ಎಂದು ನಡುವೆ ಜಾಗ ಬಿಡದೆ ಬರೆದು ನೋಡಿ. ವಿದ್ಯುತ್ ಉಳಿಸಲು ಪರದೆ ತನ್ನನ್ನು ತಾನೇ ನವೀಕರಿಸಿಕೊಳ್ಳುವ ಏರ್ಪಾಟು ನಿಲ್ಲುತ್ತದೆ. ಅಪ್‌ಡೇಟ್ ಆದ ಮೇಲೆ ಕತ್ತಲಾಗಿದ್ದರೆ ಗ್ರಬ್‌ನ ಸುಧಾರಿತ ಆಯ್ಕೆಗಳಲ್ಲಿ ಹಳೆಯ ಕರ್ನಲ್ ಇನ್ನೂ ಇರುತ್ತದೆ, ಅದನ್ನು ಆರಿಸಿ. ಕತ್ತಲಾದ ಪರದೆಗೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಚಿತ್ರ ಮಸುಕಾಗಿ ಕಂಡರೆ ಹಿಂಬದಿಯ ಬೆಳಕು ಮಾತ್ರ ಆರಿದೆ ಎಂದರ್ಥ; ಬೆಳಕು ಹೆಚ್ಚಿಸುವ ಕೀಲಿಯನ್ನು ಮೊದಲು ಒತ್ತಿ. ಲೋಗೊ ಕೂಡ ಬರದೆ, ಹೊರಗಿನ ಮಾನಿಟರ್ ಜೋಡಿಸಿದಾಗ ಮಾತ್ರ ಚಿತ್ರ ಬಂದರೆ, ಆಗ ಪರದೆಯನ್ನೋ ಅದರ ಕೇಬಲನ್ನೋ ಬಿಚ್ಚಿ ನೋಡುವುದು ನ್ಯಾಯ.

ಈ ಮೇಜಿನ ಮೇಲಿರುವ ಲ್ಯಾಪ್‌ಟಾಪ್‌ನಲ್ಲಿ ಡ್ರೈವರನ್ನು ಬೇಕೆಂದೇ ಕೆಡಿಸಿ ತಂದಿದ್ದೇನೆ. ಇದುವರೆಗೆ ಗ್ರಬ್ ಪಟ್ಟಿಯನ್ನು ನೋಡದವರು ಯಾರಿದ್ದೀರಿ? ಮುಂದೆ ಬನ್ನಿ, ಗುಂಡಿಯನ್ನು ನೀವೇ ಒತ್ತಿ.