ಮಳೆಗಾಲಕ್ಕೆ ಮೊದಲು ನಳ್ಳಿ, ಪೈಪು, ಪಂಪು: ಯಾವುದು ನಮ್ಮ ಕೆಲಸ, ಯಾವುದು ಪ್ಲಂಬರಿನದ್ದು?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬುಡದಲ್ಲಿ ನಮ್ಮ ಮನೆ. ಹಿಂದೆ ಅಡಿಕೆ ತೋಟ, ಪಕ್ಕದಲ್ಲಿ ಬಾವಿ, ಟೆರೇಸಿನ ಮೇಲೆ ಸಾವಿರ ಲೀಟರಿನ ಕಪ್ಪು ಟ್ಯಾಂಕ್. ಕಾಸರಗೋಡಿನ ಹಳ್ಳಿಮನೆ ಅಂದ್ರೆ ಹೆಚ್ಚುಕಮ್ಮಿ ಇದೇ ಲೆಕ್ಕ. ಮೇ ತಿಂಗಳ ಕೊನೆಗೆ ಇಡೀ ಮನೆಯ ನೀರಿನ ದಾರಿಯನ್ನು ಒಂದು ಸುತ್ತು ನೋಡುವುದು ನನ್ನ ಕ್ರಮ. ಜೂನ್ ಹಿಡಿದ ಮೇಲೆ ಪ್ಲಂಬರಿಗೆ ಫೋನ್ ಮಾಡಿದ್ರೆ "ಮಳೆ ಬಿಡಲಿ ಅಕ್ಕಾ" ಅಂತಾರೆ. ಅವರದ್ದು ತಪ್ಪಲ್ಲ, ನಮ್ಮ ಮಳೆ ಹಾಗೆ ಬಿಡುವುದೂ ಇಲ್ಲ.

ಕ್ಯಾಮೆರಾ ಮೊದಲು ಟೆರೇಸಿಗೆ. ಟ್ಯಾಂಕಿನ ಬುಡದಿಂದ ಹೊರಡುವ ಈ ಪೈಪುಗಳನ್ನು ನೋಡಿ. ಒಂದು ಅಡುಗೆಮನೆಗೆ, ಒಂದು ಬಚ್ಚಲಿಗೆ, ಇನ್ನೊಂದು ಹೊರಗಿನ ನಳ್ಳಿಗೆ. ಪ್ರತಿಯೊಂದಕ್ಕೂ ಒಂದೊಂದು ವಾಲ್ವ್. ಹಿಡಿ ಪೈಪಿನ ಉದ್ದಕ್ಕೇ ಇದ್ರೆ ಓಪನ್, ಅಡ್ಡ ಆದ್ರೆ ಬಂದ್. ಮನೆಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತುಂಟು, ಒಮ್ಮೆ ಕೇಳಿ ನೋಡಿ. ಪೈಪು ಒಡೆದು ನೀರು ಚಿಮ್ಮುವಾಗ ಗಂಡಸರಿಗೆ ಕಾಯುತ್ತಾ ನಿಲ್ಲುವ ಮನೆಗಳು ಇನ್ನೂ ಉಂಟು. ನಮ್ಮ ಅತ್ತೆಗೆ ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ, ಅವರಿಗಾಗಿ ಬಚ್ಚಲಿನ ಲೈನಿಗೆ ಕೆಳಗೇ ಇನ್ನೊಂದು ವಾಲ್ವ್ ಹಾಕಿಸಿದ್ದೇವೆ.

ಆರು ತಿಂಗಳಿಗೊಮ್ಮೆಯಾದ್ರೂ ಈ ವಾಲ್ವ್‌ಗಳನ್ನು ಬಂದ್ ಮಾಡಿ, ಓಪನ್ ಮಾಡಿ ನೋಡ್ಬೇಕು. ವರ್ಷಗಟ್ಟಲೆ ಮುಟ್ಟದೆ ಬಿಟ್ರೆ ಬೇಕಾದ ಹೊತ್ತಿಗೆ ಕಚ್ಚಿಕೊಂಡಿರ್ತದೆ. ತಿರುಗದಿದ್ರೆ ಸ್ಪ್ಯಾನರ್ ಹಾಕಿ ಬಲ ಬಿಡ್ಬೇಡಿ. ಒಳಗಿನ ಕಡ್ಡಿ ಮುರಿದ್ರೆ ಟ್ಯಾಂಕಿನ ನೀರೆಲ್ಲ ಖಾಲಿ ಮಾಡಿಯೇ ಹೊಸ ವಾಲ್ವ್ ಹಾಕ್ಬೇಕಾಗ್ತದೆ.

ಯಾವುದು ನಮ್ಮ ಕೆಲಸ, ಯಾವುದು ಪ್ಲಂಬರಿನದ್ದು ಅಂತ ನಾನು ನಿರ್ಧರಿಸುವುದು ಎರಡೇ ಪ್ರಶ್ನೆಯಲ್ಲಿ. ಅಲ್ಲಿಗೆ ಹೋಗುವ ನೀರನ್ನು ನನ್ನ ಕೈಯಲ್ಲಿ ಬಂದ್ ಮಾಡ್ಲಿಕ್ಕೆ ಆಗ್ತದಾ? ಮಾಡಿದ ಜಾಯಿಂಟು ನಾಳೆ ನಾಡಿದ್ದು ನನ್ನ ಕಣ್ಣಿಗೆ ಕಾಣ್ತದಾ? ಎರಡಕ್ಕೂ ಹೌದು ಅಂತಾದ್ರೆ ಕೈ ಹಾಕುವುದು. ಕೆಲಸ ಸುಲಭವೋ ಕಷ್ಟವೋ ಅನ್ನುವುದು ಆಮೇಲಿನ ಮಾತು. ಗೋಡೆಯೊಳಗಿನ ಪೈಪಿನ ಬೆಂಡನ್ನು ಬದಲಿಸುವುದು ನಿಜಕ್ಕೂ ದೊಡ್ಡ ವಿದ್ಯೆಯಲ್ಲ. ಆದ್ರೆ ಅದರ ಮೇಲೆ ಸಿಮೆಂಟ್ ಬಿದ್ದ ಮೇಲೆ ಸೋರಿದ್ರೆ ನೋಡುವವರು ಯಾರು?

ಹೊರಗಿನ ನಳ್ಳಿ ತೊಟ್ಟಿಕ್ಕುತ್ತಾ ಉಂಟು, ನೋಡಿ. ಇದು ಪೂರ್ತಿ ನಮ್ಮ ಕೆಲಸ. ಹಳೇ ಕಾಲದ, ಸುತ್ತು ಸುತ್ತು ತಿರುಗಿಸುವ ನಳ್ಳಿಯಾದ್ರೆ ಒಳಗಿನ ವಾಷರ್ ಸವೆದಿರ್ತದೆ, ಅದನ್ನು ಮಾತ್ರ ಬದಲಿಸಿದ್ರೆ ಸಾಕು. ಕಾಲು ಸುತ್ತಿನಲ್ಲಿ ಬಂದ್ ಆಗುವ ಹೊಸ ನಮೂನೆಯದ್ದಾದ್ರೆ ಒಳಗೆ ಕಾರ್ಟ್ರಿಜ್ ಇರ್ತದೆ. ಹಳೇದನ್ನು ಬಿಚ್ಚಿ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ. ಒಂದು ಕಂಪನಿಯದ್ದು ಇನ್ನೊಂದಕ್ಕೆ ಹೆಚ್ಚಾಗಿ ಕೂರುವುದಿಲ್ಲ, ಅಂದಾಜಿನಲ್ಲಿ ತಂದ್ರೆ ಪುನಃ ಬಸ್ಸು ಹತ್ತಬೇಕು.

ಇಡೀ ನಳ್ಳಿಯನ್ನೇ ಬದಲಿಸುವುದಾದ್ರೆ ಟೆಫ್ಲಾನ್ ಟೇಪ್. ಇಲ್ಲಿ ಕ್ಯಾಮೆರಾ ಸ್ವಲ್ಪ ಹತ್ತಿರ ತರ್ತೇನೆ. ಮರೆಯ, ಅಂದ್ರೆ ತಿರುಪಿನ ಗೆರೆಗಳಿರುವ ತುದಿ ನನ್ನ ಕಡೆಗೆ. ಟೇಪನ್ನು ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲೇ ಎಳೆದು, ಬಿಗಿಯಾಗಿ, ಮರೆಯ ಗೆರೆಗಳು ಟೇಪಿನ ಮೇಲೆ ಮೂಡುವಷ್ಟು ಸುತ್ತುತ್ತಾ ಹೋಗುವುದು. ಉಲ್ಟಾ ಸುತ್ತಿದ್ರೆ ನಳ್ಳಿ ತಿರುಗಿಸುವಾಗ ಟೇಪೆಲ್ಲ ಬಿಚ್ಚಿ ಹೊರಗೆ ಮುದ್ದೆಯಾಗ್ತದೆ. ಮತ್ತೆ, ಪೈಪಿನ ಕೊನೆಗೆ ಬರೀ ಪ್ಲಾಸ್ಟಿಕ್ ಮರೆ ಇದ್ರೆ ಜಾಗ್ರತೆ. ಕೊನೆಯ ಅರ್ಧ ಸುತ್ತಿಗೆ ಜೋರು ಮಾಡಿದ್ರೆ ಅದು ಸೀಳ್ತದೆ. ನಳ್ಳಿ ಕೂರುವ ಜಾಗಕ್ಕೆ ಒಳಗೆ ಹಿತ್ತಾಳೆ ಮರೆ ಇರುವ ಫಿಟಿಂಗ್ ಹಾಕಿಸಿ, ನಾಲ್ಕು ಕಾಸು ಹೆಚ್ಚಾದ್ರೂ ಅಡ್ಡಿಯಿಲ್ಲ.

ಬೆಂಗಳೂರಿನವರ ವಿಡಿಯೋಗಳಲ್ಲಿ ಶವರಿಗೆ ವಿನೆಗರ್ ಹಾಕಿ ಬಿಳಿ ಪದರ ತೆಗೆಯುವುದು ನೋಡಿರಬಹುದು. ಅದು ಗಡಸು ಬೋರ್‌ವೆಲ್ ನೀರಿನ ರೋಗ. ಮುರಕಲ್ಲಿನ, ಅಂದ್ರೆ ಜಂಬಿಟ್ಟಿಗೆ ಕಲ್ಲಿನ ನೆಲದ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಎಷ್ಟೋ ಕಡೆ ಸ್ವಲ್ಪ ಆಮ್ಲೀಯ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಪಿಎಚ್ 6.5ರಿಂದ 8.5ರ ಒಳಗೆ ಇರ್ಬೇಕು ಅಂತ ಉಂಟು. ಇಲ್ಲಿನ ಬಹಳಷ್ಟು ಬಾವಿಗಳು ಅದಕ್ಕಿಂತ ಕೆಳಗೆ. ಅಂಥ ನೀರು ಕಬ್ಬಿಣದ ಜಿಐ ಪೈಪನ್ನು ಒಳಗಿಂದಲೇ ತಿನ್ತದೆ, ಹಿತ್ತಾಳೆ ನಳ್ಳಿಯ ಕೆಳಗೆ ಹಸಿರು ಕಲೆ ಬಿಡ್ತದೆ. ಹಾಗಾಗಿ ನಮ್ಮಲ್ಲಿ ನಳ್ಳಿಯ ನೀರು ಸಣ್ಣ ಆಯ್ತು ಅಂದ್ರೆ ಮೊದಲು ನಳ್ಳಿಯ ತುದಿಯ ಜಾಲರಿ ಬಿಚ್ಚಿ ನೋಡಿ. ತುಕ್ಕಿನ ಚೂರು, ಕೆಂಪು ಮಣ್ಣು, ಕೆಲವೊಮ್ಮೆ ಟ್ಯಾಂಕಿಗೆ ಬಿದ್ದ ಎಲೆಯ ನಾರು ಸಿಕ್ತದೆ. ತೊಳೆದು ಹಾಕಿದ್ರೆ ಮುಗೀತು.

ಮಾಳಿಗೆಯ ಶವರಿನಲ್ಲಿ ನೀರು ಜೋರಾಗಿ ಬರುವುದಿಲ್ಲ ಅಂತ ಪ್ಲಂಬರನ್ನು ಕರೆಸಿ ಪ್ರಯೋಜನ ಇಲ್ಲ. ಟ್ಯಾಂಕ್ ಎತ್ತರದಲ್ಲಿ ಹತ್ತು ಮೀಟರಿಗೆ ಒಂದು ಬಾರ್ ಒತ್ತಡ ಅಂತ ಲೆಕ್ಕ. ಶವರಿನಿಂದ ಟ್ಯಾಂಕ್ ಎರಡು ಮೀಟರ್ ಮೇಲಿದ್ರೆ ಸಿಗುವುದು 0.2 ಬಾರ್ ಅಷ್ಟೇ. ಟ್ಯಾಂಕ್ ಎತ್ತರಿಸಿ, ಇಲ್ಲ ಪ್ರೆಶರ್ ಪಂಪ್ ಇಡಿ.

ಈಗ ಬಾವಿಕಟ್ಟೆಗೆ. ಈ ಕಡೆಯ ಜಗಳಗಳಲ್ಲಿ ಅರ್ಧ ಇಲ್ಲೇ ಶುರು.

ಪಂಪ್ ಓಡ್ತದೆ, ಟ್ಯಾಂಕಿಗೆ ನೀರು ಬರುವುದಿಲ್ಲ. ಮೊದಲು ಸ್ವಿಚ್ ಆಫ್. ನೀರಿಲ್ಲದೆ ಓಡಿಸಿದ್ರೆ ಒಳಗಿನ ಸೀಲ್ ಸುಟ್ಟುಹೋಗ್ತದೆ. ಪಂಪಿನ ತಲೆಯ ಮೇಲಿನ ಈ ಬಿರಡೆ ತೆಗೆದು, ತುಂಬಿ ಉಕ್ಕುವವರೆಗೆ ನೀರು ಹೊಯ್ದು, ಬಿಗಿ ಮಾಡಿ ಪುನಃ ಆನ್. ಬಂತಾ? ಸಂತೋಷ. ಆದ್ರೆ ಮರುದಿನ ಬೆಳಿಗ್ಗೆ ಪುನಃ ಹೊಯ್ಯಬೇಕಾದ್ರೆ ಬಾವಿಯ ಅಡಿಯಲ್ಲಿ ಪೈಪಿನ ತುದಿಗಿರುವ, ನೀರು ವಾಪಸ್ ಇಳಿಯದ ಹಾಗೆ ತಡೆಯುವ ಫೂಟ್ ವಾಲ್ವ್ ನೀರು ಹಿಡೀತಾ ಇಲ್ಲ, ಇಲ್ಲವೇ ಮೇಲಿನ ಜಾಯಿಂಟಿನಲ್ಲಿ ಗಾಳಿ ಎಳೀತಾ ಉಂಟು. ಫೂಟ್ ವಾಲ್ವಿಗೆ ಒಂದು ಕಡ್ಡಿ ಸಿಕ್ಕಿದ್ರೂ ಸಾಕು, ಅದರ ಬಾಯಿ ಮುಚ್ಚುವುದಿಲ್ಲ. ಇಡೀ ಪೈಪನ್ನು ಬಾವಿಯಿಂದ ಮೇಲೆತ್ತಬೇಕು, ಅದು ಕೆಲಸದವರಿಗೇ ಇರಲಿ.

ಇದರ ಜೊತೆಗೇ ಇನ್ನೊಂದು ಕಳ್ಳದಾರಿ ಉಂಟು. ಪಂಪಿನಿಂದ ಬರುವ ಪೈಪಿನ ತುದಿ ಟ್ಯಾಂಕಿನ ನೀರಿನೊಳಗೆ ಮುಳುಗಿದ್ರೆ, ಫೂಟ್ ವಾಲ್ವ್ ಸೋರುವಾಗ ತುಂಬಿಸಿದ ನೀರು ಅದೇ ಪೈಪಿನಲ್ಲಿ ಸದ್ದಿಲ್ಲದೆ ವಾಪಸ್ ಬಾವಿಗೆ ಇಳೀತದೆ. ಬೆಳಿಗ್ಗೆ ಎದ್ದು ನೋಡಿದ್ರೆ ಟ್ಯಾಂಕ್ ಖಾಲಿ, ಮನೆಯಲ್ಲಿ ಎಲ್ಲಿಯೂ ಪಸೆ ಇಲ್ಲ! ಪೈಪಿನ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲೆಯೇ ಇರ್ಬೇಕು.

ಏಪ್ರಿಲ್, ಮೇಯಲ್ಲಿ ಮಾತ್ರ ಪಂಪ್ ಸೋಲ್ತದೆ ಅಂತಾದ್ರೆ ಅದು ಹಾಳಾದದ್ದಲ್ಲ. ದಂಡೆಯಲ್ಲಿ ಕೂತ ಪಂಪ್ ನೀರನ್ನು ಎಳೆದುಕೊಳ್ಳುವುದು ಗಾಳಿಯ ಒತ್ತಡದ ಬಲದಿಂದ. ಲೆಕ್ಕದ ಪ್ರಕಾರ ಸುಮಾರು 10 ಮೀಟರ್, ನಿಜದಲ್ಲಿ 7 ಮೀಟರ್ ಆಸುಪಾಸು. ಬಾವಿಯ ನೀರು ಅದಕ್ಕಿಂತ ಕೆಳಗೆ ಹೋದ್ರೆ ಯಾವ ಪ್ಲಂಬರ್ ಬಂದ್ರೂ ನೀರು ಮೇಲೆ ಬರುವುದಿಲ್ಲ. ಅದಕ್ಕೇ ಹಲವರು ಬಾವಿಯೊಳಗೇ ಮೆಟ್ಟು ಮಾಡಿಸಿ ಪಂಪನ್ನು ಕೆಳಗೆ ಕೂರಿಸುವುದು. ಬಾಯಾರು, ಪೈವಳಿಕೆ ಕಡೆ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಗುಡ್ಡೆಯಿಂದ ತನ್ನಷ್ಟಕ್ಕೇ ಇಳಿದು ಬರುವ ಮನೆಯವರಿಗೆ ಈ ತಲೆಬಿಸಿ ಇಲ್ಲ, ಪುಣ್ಯವಂತರು. ಅವರದ್ದು ಬೇರೆ ಗೋಳು, ಪೈಪಿನಲ್ಲಿ ಗಾಳಿ ಕಟ್ಟುವುದು. ಪೈಪು ಏರಿ ಇಳಿಯುವ ಕಡೆ, ಏರಿನ ತುದಿಗೆ ಮೂರು ಬಾಯಿಯ ಒಂದು ಟೀ ಫಿಟಿಂಗ್ ಹಾಕಿ ಗಾಳಿ ಹೋಗಲಿಕ್ಕೆ ದಾರಿ ಬಿಟ್ರೆ ಸರಿಯಾಗ್ತದೆ.

ಪಂಪ್ ತಿರುಗದೆ ಬರೀ ಗುಂಯ್ ಅಂತ ಸದ್ದು ಮಾಡಿದ್ರೆ ಕೂಡಲೇ ಆಫ್ ಮಾಡಿ, ಎಲೆಕ್ಟ್ರಿಷಿಯನ್ನಿಗೆ ಹೇಳಿ. ಸ್ಟಾರ್ಟರ್ ಟ್ರಿಪ್ ಆಗುತ್ತಲೇ ಇದ್ರೆ ಒತ್ತಿ ಒತ್ತಿ ಹಟ ಮಾಡುವುದು ಬೇಡ. ಬಚ್ಚಲಿನ ಗೀಸರ್ ಕೂಡ ಹಾಗೇ. ನೀರು ಬಿಸಿಯಾಗುವಾಗ ಅದರ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ರೆ ಅದು ತನ್ನ ಕೆಲಸ ಮಾಡ್ತಾ ಉಂಟು ಅಂತ ಅರ್ಥ. ಸೋರ್ತದೆ ಅಂತ ಅದಕ್ಕೆ ಬಿರಡೆ ಹಾಕುವವರನ್ನು ನಾನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡ್ಬೇಡಿ. ಒತ್ತಡ ಹೋಗಲಿಕ್ಕೆ ದಾರಿ ಇಲ್ಲದಿದ್ರೆ ಗೀಸರಿನ ಟ್ಯಾಂಕೇ ಒಡೀಬಹುದು. ನಳ್ಳಿ ಮುಟ್ಟಿದಾಗ ಕೈ ಜುಮ್ ಅಂದ್ರೆ ಮೇನ್ ಆಫ್ ಮಾಡಿ ಆಮೇಲೆ ಫೋನ್ ಮಾಡಿ. ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪು, ಅದಕ್ಕೆ ಅದರದ್ದೇ ಗಮ್ಮು. ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗ್ತದೆ.

ಇನ್ನು ಈ ಗೋಡೆ. ಹೊಸ ಪೈಂಟಿನ ಮೇಲೆ ಉಬ್ಬು, ಕೆಳಗೆ ಬಿಳಿ ಹುಡಿ. ಮುರಕಲ್ಲು ಅಂದ್ರೆ ಹೋಳಿಗೆ ಹಿಟ್ಟಿಗೆ ಎಣ್ಣೆ ಇಳಿದ ಹಾಗೆ, ನೀರನ್ನು ಕುಡಿದು ಎಲ್ಲಿಗೋ ದಾಟಿಸ್ತದೆ. ಸೋರುವುದು ಬಚ್ಚಲಿನ ಬೆಂಡಿನಲ್ಲಿ, ಪಸೆ ಕಾಣುವುದು ದೇವರಕೋಣೆಯ ಮೂಲೆಯಲ್ಲಿ. ಆದ್ದರಿಂದ ಪಸೆ ಕಂಡಲ್ಲೇ ಗೋಡೆ ಒಡೆಯುವುದು ಬೇಡ.

ಮೊದಲು ಟ್ಯಾಂಕಿನ ಪರೀಕ್ಷೆ. ರಾತ್ರಿ ಎಲ್ಲ ನಳ್ಳಿ ಬಂದ್ ಮಾಡಿ, ಒಂದು ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಯಾರೂ ನಳ್ಳಿ ತಿರುಗಿಸುವ ಮೊದಲೇ ಪುನಃ ನೋಡಿ. ಇಳಿದಿದ್ರೆ ಮೊದಲ ಅನುಮಾನ ಫ್ಲಷ್ ಟ್ಯಾಂಕಿನ ಮೇಲೆ. ಅದರೊಳಗೆ ಸ್ವಲ್ಪ ಬೀಟ್‌ರೂಟ್ ನೀರು ಹಾಕಿ ಅರ್ಧ ಗಂಟೆ ಬಿಡಿ. ಫ್ಲಷ್ ಮಾಡದೆಯೇ ಕಮೋಡಿಗೆ ಬಣ್ಣ ಇಳಿದ್ರೆ ಕಳ್ಳ ಸಿಕ್ಕಿದ. ಅಲ್ಲ ಅಂತಾದ್ರೆ ಒಂದೊಂದು ರಾತ್ರಿ ಒಂದೊಂದು ಲೈನಿನ ವಾಲ್ವ್ ಬಂದ್ ಮಾಡುತ್ತಾ ಬನ್ನಿ. ಯಾವುದನ್ನು ಬಂದ್ ಮಾಡಿದ ದಿನ ಮಟ್ಟ ನಿಲ್ತದೋ ಸೋರಿಕೆ ಅದರಲ್ಲೇ.

ಮಟ್ಟ ಇಳಿಯುವುದೇ ಇಲ್ಲ, ಆದ್ರೂ ಗೋಡೆ ಒದ್ದೆ ಅಂತಾದ್ರೆ ಅದು ಟ್ಯಾಂಕಿನಿಂದ ಬರುವ ಪೈಪಿನದ್ದಲ್ಲ. ಸ್ನಾನ ಆದ ಮೇಲೆ ಹೆಚ್ಚಾದ್ರೆ ನೀರು ಹೊರಗೆ ಹೋಗುವ ಪೈಪು, ಇಲ್ಲ ಟೈಲ್ಸಿನ ಸಂದು. ಮಳೆ ಬಂದಾಗ ಮಾತ್ರ ಹೆಚ್ಚಾದ್ರೆ ಮೇಲಿನ ಪ್ಯಾರಾಪೆಟ್, ಸನ್‌ಶೇಡ್ ನೋಡಿ, ಅದು ಪ್ಲಂಬರಿನ ಕೆಲಸವೇ ಅಲ್ಲ, ಮೇಸ್ತ್ರಿಯದ್ದು. ಈ ಪರೀಕ್ಷೆ ಮೇಯಲ್ಲೇ ಮಾಡಿ ಅನ್ನುವುದು ಇದಕ್ಕೇ. ಜುಲೈಯಲ್ಲಿ ಎಲ್ಲ ಗೋಡೆಯೂ ಒದ್ದೆ, ಯಾವುದು ಪೈಪಿನ ನೀರು ಯಾವುದು ಆಕಾಶದ್ದು ಅಂತ ಹೇಳುವವರಿಲ್ಲ.

ಯಾರೂ ಉಪಯೋಗಿಸದ ಬಚ್ಚಲಿನಿಂದ ವಾಸನೆ ಬಂದ್ರೆ ಹೆದರ್ಬೇಡಿ. ನೆಲದ ಟ್ರ್ಯಾಪಿನಲ್ಲಿ ನಿಂತಿರುವ ನೀರೇ ಗಾಳಿಯನ್ನು ತಡೆಯುವುದು, ಅದು ಆರಿದೆ. ಎರಡು ಚೆಂಬು ನೀರು ಹೊಯ್ಯಿರಿ.

ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಮಾತ್ರ ನೀವೂ ತೆಗೆಯಬೇಡಿ, ಕೂಲಿಯವರನ್ನೂ ಇಳಿಸಬೇಡಿ. ಅದರೊಳಗಿನ ಗಾಳಿಗೆ ಕ್ಷಣದಲ್ಲಿ ಪ್ರಜ್ಞೆ ಹೋಗ್ತದೆ, ಎತ್ತಲಿಕ್ಕೆ ಇಳಿದವನೂ ಅಲ್ಲೇ. ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಅಪರಾಧ. ಯಂತ್ರದ ಗಾಡಿ ಕರೆಸಿ.

ಪ್ಲಂಬರಿಗೆ ಫೋನ್ ಮಾಡುವುದೂ ಒಂದು ಕೆಲಸವೇ. "ನೀರು ಸೋರ್ತದೆ, ಬೇಗ ಬನ್ನಿ" ಅಂದ್ರೆ ಅವರು ಏನು ತರ್ಬೇಕು? ನಮ್ಮಲ್ಲಿಗೆ ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ, "ವಾಲ್ವ್ ಬಂದ್ ಮಾಡಿದ್ರಾ ಅಕ್ಕಾ?" ಎರಡನೆಯದ್ದು, "ಅರ್ಧ ಇಂಚಾ, ಮುಕ್ಕಾಲಾ?" ಪೈಪಿನ ಮೇಲೆ ಅಳತೆ ಅಚ್ಚು ಹಾಕಿರ್ತದೆ, ಫೋಟೊ ತೆಗೆದು ವಾಟ್ಸಾಪ್ ಮಾಡಿ. ಯಾವ ವಾಲ್ವ್ ಬಂದ್ ಮಾಡಿದಾಗ ಸೋರಿಕೆ ನಿಂತಿತು ಅಂತಲೂ ಹೇಳಿ. ಹುಡುಕುವ ಅರ್ಧ ದಿನ ಉಳೀತದೆ, ಅವರ ಸಂಬಳವೂ ಅಷ್ಟೇ ಉಳೀತದೆ.

ಗೋಡೆ ಒಡೆದು ಪೈಪು ಬದಲಿಸಿದ್ರೆ ಅದೇ ದಿನ ಸಿಮೆಂಟ್ ಹಾಕಲು ಬಿಡ್ಬೇಡಿ. ಗಮ್ಮು ಒಣಗಲಿ, ವಾಲ್ವ್ ಓಪನ್ ಮಾಡಿ ಒಂದು ರಾತ್ರಿ ನೀರು ನಿಲ್ಲಲಿ. ಬೆಳಿಗ್ಗೆ ಜಾಯಿಂಟಿನ ಸುತ್ತ ಒಣ ಕಾಗದ ಒತ್ತಿ ನೋಡಿ. ಒಣಗಿಯೇ ಇದ್ರೆ ಅಳತೆ ಟೇಪನ್ನು ಪಕ್ಕದಲ್ಲಿಟ್ಟು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ ಒಂದು ಫೋಟೊ ತೆಗೆದು ಆಮೇಲೆ ಮೇಸ್ತ್ರಿಯನ್ನು ಕರೆಯಿರಿ. ಮುಂದೆ ಕನ್ನಡಿ ತೂಗಿಸಲಿಕ್ಕೆ ಡ್ರಿಲ್ ಹಿಡಿದು ಬರುವವರಿಗೆ ಆ ಫೋಟೊ ತೋರಿಸಿದ್ರಾಯ್ತು.